ಪೂಜೆಗೆ ಕೂತ ಗುಂಡು

ಸೆಪ್ಟೆಂಬರ್ 22, ಸೋಮವಾರ

ನವರಾತ್ರಿ ಇವತ್ತಿನಿಂದ. ಒಪ್ಪೊತ್ತು ಹಿಡಿದಿದ್ದೇನೆ. ನಾಲ್ಕೂವರೆಗೆ ಎದ್ದು ಮಿಂದು, ಅಡಿಗೆ ಕಟ್ಟೆ ಒರೆಸಿ, ದೀಪ ಹಚ್ಚಿದೆ. ಊದುಬತ್ತಿ ಮಾತ್ರ ಬಾಲ್ಕನಿಯಲ್ಲಿ. ಹೋದ ವರ್ಷ ಒಳಗೆ ಹಚ್ಚಿ, ಹೊಗೆಯ ಅಲಾರಂ ಬಡಿದುಕೊಂಡು, ಬಿಲ್ಡಿಂಗಿನವರೆಲ್ಲ ಲುಂಗಿ, ನೈಟಿಯಲ್ಲಿ ಕೆಳಗೆ ನಿಂತು ನನ್ನ ಮುಖ ನೋಡಿದ್ದರು. ಇವರಿಗೆ ಡಬ್ಬಿ ಕಟ್ಟಿದೆ, ಬಟ್ಟೆ ಮಷಿನಿಗೆ ಹಾಕಿದೆ, ಫ್ರಿಜ್ಜಿನಲ್ಲಿದ್ದ ಬಂಗುಡೆ, ಮೊಟ್ಟೆ ಎಲ್ಲವನ್ನೂ ಎದುರು ಮನೆಗೆ ದಾಟಿಸಿದೆ.

ಎದುರು ಮನೆ ಅಂದರೆ ಆನ್ ಮರಿಯಾ. ಹುಟ್ಟಿದ್ದು ಕೆನಡಾದಲ್ಲಿ. ಅಪ್ಪ ರುಡೊಲ್ಫ್ ನಮ್ಮ ಶಿರ್ವದ ಕಡೆಯವರು. ಇವಳು ಇಲ್ಲಿ ದುಬೈಯ ಒಂದು ಶಾಲೆಯಲ್ಲಿ ಆಟದ ಟೀಚರು. ವಯಸ್ಸು ಮೂವತ್ತೊಂದು, ಮದುವೆ ಇಲ್ಲ. ಸಂಜೆ ಶಾಲೆಯ ಮೈದಾನದಲ್ಲಿ ಕಬ್ಬಿಣದ ಗುಂಡು ಎಸೆಯುತ್ತಾಳೆ. ಮೂರು ವರ್ಷ ಇಡೀ ಕೆನಡಾಕ್ಕೆ ಇವಳೇ ಮೊದಲು ಬಂದವಳಂತೆ. ನಾನು ನಂಬಿರಲಿಲ್ಲ, ಇವರು ಫೋನಿನಲ್ಲಿ ಹುಡುಕಿ ತೋರಿಸಿದ ಮೇಲೆ ನಂಬಿದೆ.

ನಮ್ಮ ಈ ಡಿಸ್ಕವರಿ ಗಾರ್ಡನ್ಸ್ ಬಡಾವಣೆಗೆ ಅವಳು ಬಂದ ಹೊಸತರಲ್ಲಿ ಒಬ್ಬಳೇ ಕೂತು ಬ್ರೆಡ್ಡು ತಿನ್ನುವುದನ್ನು ನೋಡಲಾಗದೆ ಒಂದು ರಾತ್ರಿ ಊಟಕ್ಕೆ ಕರೆದಿದ್ದೆ. ಎರಡು ವರ್ಷ ಆಯಿತು, ಆ ಊಟ ಇನ್ನೂ ಮುಗಿದಿಲ್ಲ. ಕೊಂಕಣಿ ಗೊತ್ತಿತ್ತು, ಕನ್ನಡ ನನ್ನ ಟೇಬಲ್ಲಿನಲ್ಲಿ ಕಲಿತದ್ದು. ಹಾಗಾಗಿ ಅವಳ ಕನ್ನಡದಲ್ಲಿ ತಿನ್ನುವ ಮಾತೇ ಜಾಸ್ತಿ.

ರಾತ್ರಿ ಬಟ್ಟಲು ನೋಡಿ ಮುಖ ಸಣ್ಣ ಮಾಡಿದಳು.

"ಆಂಟಿ, ಫಿಶ್ ಎಲ್ಲಿ?"

"ನವರಾತ್ರಿ ಮುಗಿಯುವವರೆಗೆ ಈ ಮನೆಯಲ್ಲಿ ಮೀನಿಲ್ಲ, ಮೊಟ್ಟೆ ಇಲ್ಲ. ಕಡ್ಲೆ ಉಂಟು, ಪನೀರ್ ಉಂಟು, ತೊಗರಿ ಉಂಟು."

"ಅಕ್ಟೋಬರ್ ಫೋರ್ತ್ ನನಗೆ ಅಬುಧಾಬಿಯಲ್ಲಿ ಮೀಟ್! ಪ್ರೋಟೀನ್ ಇಲ್ಲದೆ ಬಾಲ್ ಹೇಗೆ ಹೋಗ್ತದೆ?"

"ಬಸ್ಸಿನಲ್ಲಿ ಹೋಗ್ಲಿ," ಅಂದರು ಇವರು.

ಆ ಕೂಟದಲ್ಲಿ ಹದಿನೇಳು ಮೀಟರ್ ಎಸೆದರೆ ಮುಂದಿನ ವರ್ಷದ ಕೆನಡಾ ತಂಡಕ್ಕೆ ಅವಳ ಹೆಸರು ನೋಡುತ್ತಾರಂತೆ. ಅಲ್ಲಿ ಆಗದಿದ್ದರೆ ಬೇರೆ ಕೂಟದಲ್ಲಾದರೂ ಅಕ್ಟೋಬರ್ ಕೊನೆಯೊಳಗೆ ಆಗಬೇಕು. ಆಗದಿದ್ದರೆ ಗುಂಡು ಬಿಟ್ಟು ಕೆನಡಾಕ್ಕೆ ವಾಪಸು; ಅಪ್ಪ ಅಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ ಹೇಳಿ ಇಟ್ಟಿದ್ದಾರೆ. ಹೋಗಲಿ. ಅವಳು ಹೋದರೆ ನಮ್ಮ ಕುಚ್ಚಲಕ್ಕಿಯ ಚೀಲ ಹತ್ತು ದಿನ ಹೆಚ್ಚು ಬರುತ್ತದೆ.

ಸೆಪ್ಟೆಂಬರ್ 24, ಬುಧವಾರ

ಇವತ್ತು ಕಡ್ಲೆ ಬಲ್ಯಾರು, ನಮ್ಮ ಊರಿನ ಕಡ್ಲೆ ಪದಾರ್ಥ, ಮಾಡಿದ್ದೆ. ಅವಳೊಬ್ಬಳಿಗೆ ಒಂದು ಪಾತ್ರೆ. ತಿನ್ನುತ್ತಾ ತಿನ್ನುತ್ತಾ ತನ್ನ ಕಥೆ ಹೇಳಿದಳು, ನಾನು ಕೇಳದೆಯೇ.

ಹದಿನಾಲ್ಕು ವರ್ಷಕ್ಕೇ ಕ್ಲಾಸಿನ ಹುಡುಗರಿಗಿಂತ ದೊಡ್ಡ ಆಳು. ಎಲ್ಲರೂ ಫ್ರಿಜ್ಜು ಅಂತ ಕರೆಯುತ್ತಿದ್ದರಂತೆ. ಒಬ್ಬ ಆಟದ ಮೇಷ್ಟ್ರು ಕೈಗೆ ಗುಂಡು ಕೊಟ್ಟು, ಎಸೆ ನೋಡುವ ಅಂದರಂತೆ. ಆ ಗುಂಡು ಮೈದಾನ ದಾಟಿ ಹೂವಿನ ಪಾತಿಯಲ್ಲಿ ಬಿತ್ತು. ಮರುದಿನದಿಂದ ಯಾರೂ ಫ್ರಿಜ್ಜು ಅನ್ನಲಿಲ್ಲ. ಚಳಿಗಾಲದಲ್ಲಿ ಹೊರಗೆ ಮೊಣಕಾಲುದ್ದ ಹಿಮ. ಅಪ್ಪ ಬೆಳಿಗ್ಗೆ ಬೇಗ ಎಬ್ಬಿಸಿ ಒಂದು ಹಳೆ ಗೋಡೌನಿಗೆ ಕರಕೊಂಡು ಹೋಗುತ್ತಿದ್ದರು, ಅಲ್ಲಿ ಬಲೆ ಕಟ್ಟಿ ಬಲೆಗೆ ಎಸೆಯುವುದು. ಇಪ್ಪತ್ತೆರಡಕ್ಕೆ ದೇಶಕ್ಕೇ ಮೊದಲು. ಆಮೇಲೆ ಇನ್ನೆರಡು ವರ್ಷವೂ ಮೊದಲು. ದೊಡ್ಡ ಕೂಟಕ್ಕೆ ಹೊರದೇಶಕ್ಕೆ ಕಳಿಸಿದರು. ಅಲ್ಲಿ ಮೂರು ಸಲ ಎಸೆದದ್ದೂ ಫೌಲು.

"ಫೌಲು ಅಂದ್ರೆ ಎಂತ?"

"ರೌಂಡ್ ಉಂಟಲ್ಲ, ಅದರ ಹೊರಗೆ ಕಾಲು ಇಟ್ಟರೆ ಲೆಕ್ಕ ಇಲ್ಲ."

"ಅಷ್ಟು ದೂರ ವಿಮಾನದಲ್ಲಿ ಹೋಗಿ ಒಂದು ಕಾಲನ್ನು ಒಳಗೆ ಇಡ್ಲಿಕ್ಕೆ ಆಗಲಿಲ್ವಾ ನಿನಗೆ?"

ಅವಳು ನಕ್ಕಳು. "ಎಕ್ಸಾಕ್ಟ್ಲಿ ಆಂಟಿ. ಪಪ್ಪ ಕೂಡ ಹೀಗೇ ಕೇಳಿದ್ದು."

ಆಮೇಲೆ ಬೆರಳಿನ ನರಕ್ಕೆ ಪೆಟ್ಟು, ಎರಡು ವರ್ಷ ಖಾಲಿ. ಅಷ್ಟರಲ್ಲಿ ಚಿಕ್ಕ ಹುಡುಗಿಯರು ಬಂದರು. ಇಲ್ಲಿ ಹಿಮ ಇಲ್ಲ, ಚಳಿಗಾಲವಿಡೀ ಹೊರಗೆ ಎಸೆಯಬಹುದು ಅಂತ ದುಬೈಗೆ ಬಂದದ್ದಂತೆ. ಬೆವರಲಿಕ್ಕಂತಲೇ ಈ ದೇಶಕ್ಕೆ ಬಂದವಳನ್ನು ನಾನು ಇವಳೊಬ್ಬಳನ್ನೇ ನೋಡಿದ್ದು.

ಸೆಪ್ಟೆಂಬರ್ 26, ಶುಕ್ರವಾರ

ಸಂಜೆ ಅವಳ ಜೊತೆ ಮೈದಾನಕ್ಕೆ ಹೋದೆ. ನೋಡುವ ಆಸೆಯಿಂದಲ್ಲ. ಹೊಟ್ಟೆಗೆ ಬಿಸಿ ಬಿಸಿ ರಾಗಿ ಗಂಜಿ ಕುಡಿಸಲಿಕ್ಕೆ ಬೇರೆ ದಾರಿ ಇರಲಿಲ್ಲ.

ನಾನು ಎಣಿಸಿದ ಹಾಗೆ ಅಲ್ಲ ಈ ಎಸೆತ. ಓಡುವುದೇ ಇಲ್ಲ. ಒಂದು ಸಣ್ಣ ಸಿಮೆಂಟಿನ ವೃತ್ತ, ಅದರೊಳಗೇ ಎಲ್ಲ. ರೊಟ್ಟಿ ತಟ್ಟುವಾಗ ನಾವು ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸುತ್ತೇವಲ್ಲ, ಹಾಗೆ ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿಯುತ್ತಾಳೆ. ನಮಗೆ ಬೆನ್ನು ಹಾಕಿ ಬಗ್ಗುತ್ತಾಳೆ. ಒಂದು ಗಳಿಗೆ ಉಸಿರೇ ಇಲ್ಲ. ಆಮೇಲೆ ಅಷ್ಟು ದೊಡ್ಡ ಮೈ ಬುಗುರಿಯ ಹಾಗೆ ತಿರುಗುತ್ತದೆ, ಕೈ ಚಾಚುತ್ತದೆ, ಬಾಯಿಂದ ಒಂದು ಕೂಗು. ಅಬ್ಬಾ, ಆ ಕೂಗು! ಆಚೆ ಕ್ರಿಕೆಟ್ ಆಡುತ್ತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಸೆರಗು ಮುಖಕ್ಕೆ ಎಳೆದುಕೊಳ್ಳುವ ಹಾಗಾಯಿತು.

"ಅಷ್ಟು ಬೊಬ್ಬೆ ಯಾಕೆ ಮಾರಾಯ್ತಿ? ಗುಂಡಿಗೆ ಕಿವಿ ಉಂಟಾ?"

"ಕೂಗಿದ್ರೆ ಎಕ್ಸ್ಟ್ರಾ ಫೋರ್ಸ್ ಬರ್ತದೆ, ಆಂಟಿ. ಟ್ರೈ ಮಾಡಿ."

"ನಾನು ಮರ್ಯಾದೆ ಇರುವ ಮನೆಯವಳು."

ಟೇಪು ಹಿಡಿಯಲು ಯಾರೂ ಇರಲಿಲ್ಲ, ಒಂದು ತುದಿ ನಾನು ಹಿಡಿದೆ. ಹದಿನಾರು ಮೀಟರ್ ಎಂಬತ್ತು. ಮತ್ತೆ ಎಂಬತ್ತೈದು. ಮತ್ತೆ ಎಪ್ಪತ್ತೊಂಬತ್ತು. ಎರಡು ವರ್ಷದಿಂದ ಹೀಗೇ ಅಂತೆ. ಹದಿನೇಳಕ್ಕೆ ಒಂದು ಗೇಣು ಇರುವಾಗ ಗುಂಡು ಬಿದ್ದುಬಿಡುತ್ತದೆ.

ಸೆಪ್ಟೆಂಬರ್ 27, ಶನಿವಾರ

ಮತ್ತೆ ಹೋದೆ. ಟೇಪು ಹಿಡಿಯಲು ಜನ ಬೇಕಲ್ಲ. ತೊಂಬತ್ತು ಬಿತ್ತು ಒಂದು ಸಲ.

ಸೆಪ್ಟೆಂಬರ್ 29, ಸೋಮವಾರ

ಅವಳ ಮನೆಯಿಂದ ಮೊಟ್ಟೆ ಬೇಯಿಸಿದ ವಾಸನೆ ಕಾರಿಡಾರಿಗೆ ಬಂತು. ಗೊತ್ತಿಲ್ಲದವಳ ಹಾಗೆ ಇದ್ದೆ. ರಾತ್ರಿ ನಮ್ಮಲ್ಲಿ ಊಟಕ್ಕೆ ಕೂತು, "ನನಗೆ ಹಸಿವು ಕಮ್ಮಿ" ಅಂದಳು. ಇವರು ಟೇಬಲ್ಲಿನ ಕೆಳಗಿಂದ ನನ್ನ ಕಾಲು ತುಳಿದರು. ಆಮೇಲೆ ಹಸಿವು ಕಮ್ಮಿಯವಳು ನಾಲ್ಕು ಸಲ ಅನ್ನ ಹಾಕಿಸಿಕೊಂಡಳು.

ಪೂಜೆಯ ಹೊತ್ತಿಗೆ ಅವಳ ಹದಿನೇಳು ಮೀಟರನ್ನೂ ದೇವಿಗೆ ಹೇಳಿದೆ. ದೇವರ ಹತ್ತಿರ ಮೀಟರ್ ಲೆಕ್ಕದಲ್ಲಿ ಕೇಳುವುದು ಸರಿಯೋ ಅಲ್ಲವೋ ಗೊತ್ತಿಲ್ಲ. ಹದಿನೇಳೂಕಾಲು ಅಂತ ಕೇಳಿದೆ. ಸ್ವಲ್ಪ ಕಡಿಮೆ ಮಾಡಿ ಕೊಟ್ಟರೂ ಸಾಕಾಗಬೇಕು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ನಿನ್ನೆಯೇ ಅವಳಿಗೆ ಹೇಳಿದ್ದೆ: "ನಾಳೆ ನಮ್ಮಲ್ಲಿ ದುಡಿಯುವ ಎಲ್ಲ ಸಾಮಾನಿಗೂ ಪೂಜೆ. ನಿನ್ನ ಗುಂಡು ಇಟ್ಟು ಹೋಗು."

"ಬಾಲ್‌ಗೆ ಪೂಜೆ? ಸೋ ಕ್ಯೂಟ್!" ಅಂತ ಬೆಳಿಗ್ಗೆ ಶಾಲೆಗೆ ಹೋಗುವಾಗ ಚೀಲದ ಸಮೇತ ಕೊಟ್ಟು ಹೋದಳು.

ಚೀಲ ಬಿಚ್ಚಿದರೆ ಆ ಗುಂಡಿನ ಅವಸ್ಥೆ ದೇವರಿಗೇ ಪ್ರೀತಿ. ಯಾವ ಕಾಲದ್ದೋ ನೀಲಿ ಬಣ್ಣ, ಅಲ್ಲಲ್ಲಿ ಎದ್ದು, ಮಣ್ಣು ಮೆತ್ತಿ, ಬೆವರಿನ ವಾಸನೆ ಬೇರೆ. ಹೀಗೆ ದೇವರೆದುರು ಇಡುವುದು ಹೇಗೆ? ಒಲೆಯ ಜಿಡ್ಡು ತೆಗೆಯುವ ದ್ರಾವಣ ಸುರಿದು ಬಕೆಟ್ಟಿನಲ್ಲಿ ನೆನೆಹಾಕಿದೆ. ಆಮೇಲೆ ಹುಣಸೆಹುಳಿ ಹಾಕಿ ಸ್ಟೀಲಿನ ಸ್ಕ್ರಬ್ಬರಿನಲ್ಲಿ ಉಜ್ಜಿದೆ, ಉಜ್ಜಿದೆ, ತೋಳು ಬಿದ್ದುಹೋಗುವಷ್ಟು ಉಜ್ಜಿದೆ. ಸಿಂಕಿನಲ್ಲಿ ನೀಲಿ ನೀರೇ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಗುಂಡು ಕಾಲುದೀಪದ ಹಾಗೆ ಹೊಳೆಯುತ್ತಿತ್ತು. ಕೆನಡಾದವರು ಮೂರು ಸಲ ಮೊದಲ ಬಹುಮಾನ ಕೊಟ್ಟರು, ಒಬ್ಬರಿಗೂ ಒಂದು ಸಲ ತೊಳೆಯಬೇಕೆಂದು ಕಾಣಲಿಲ್ಲ.

ತೆಂಗಿನೆಣ್ಣೆ ಸವರಿ, ಗಂಧ, ಕುಂಕುಮ ಇಟ್ಟೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಇವರ ಟೂಲ್‌ಬಾಕ್ಸು, ನಡುವೆ ಮಣೆಯ ಮೇಲೆ ಗುಂಡು, ಅದರ ತಲೆಯ ಮೇಲೆ ಕೆಂಪು ದಾಸವಾಳ. ಸಂಜೆ ಇವರು ಕಾರಿಗೂ ಪೂಜೆ ಮಾಡಿದರು. ಪಾರ್ಕಿಂಗಿನಲ್ಲಿ ಕಾಯಿ ಒಡೆಯಬಾರದು ಅಂತ ವಾಚ್‌ಮನ್ ಹೇಳಿದ್ದಕ್ಕೆ ಪ್ಲಾಸ್ಟಿಕ್ ಚೀಲದೊಳಗೆ ಕಾಯಿ ಹಾಕಿ, ಚೀಲ ಸಮೇತ ನೆಲಕ್ಕೆ ಬಡಿದರು.

ಆನ್ ಮರಿಯಾ ಬಂದು ಗುಂಡು ನೋಡಿದವಳು ಬಹಳ ಹೊತ್ತು ಮಾತಾಡಲೇ ಇಲ್ಲ. ಸಂತೋಷಕ್ಕೆ ಮಾತು ಬರಲಿಲ್ಲ ಅಂತ ಕಾಣುತ್ತದೆ. ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು, ಫೋಟೊ ತೆಗೆದು ಅಪ್ಪನಿಗೆ ಕಳಿಸಿದಳು.

ಅಕ್ಟೋಬರ್ 5, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಬರೆಯುತ್ತೇನೆ, ಇದ್ದದ್ದನ್ನು ಇದ್ದ ಹಾಗೆ.

ಅಬುಧಾಬಿಗೆ ನಮ್ಮ ಕಾರಿನಲ್ಲೇ ಹೋದದ್ದು. ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಗುಂಡನ್ನು ಮಡಿಲಲ್ಲಿಟ್ಟುಕೊಂಡು, ನಡುನಡುವೆ ಕುತ್ತಿಗೆಗೆ ಒತ್ತಿ ಹಿಡಿದು ನೋಡುತ್ತಿದ್ದಳು. ಇಳಿಯುವಾಗ ಕುತ್ತಿಗೆಯಲ್ಲಿ ಕೆಂಪು ಕಲೆ. ಗೇಟಿನ ಹತ್ತಿರ ಫಸ್ಟ್ ಏಡಿನ ಹೆಂಗಸು ಓಡಿ ಬಂದು ಪೆಟ್ಟಾಯಿತಾ ಅಂತ ಕೇಳಿದಳು. ಕುಂಕುಮ ಅಂತ ಅವಳಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು.

ಸ್ವಂತ ಗುಂಡು ತಂದವರು ಎಸೆಯುವ ಮೊದಲು ಅದನ್ನು ತೂಕಕ್ಕೆ ಕೊಡಬೇಕಂತೆ. ನಾಲ್ಕು ಕಿಲೋಗೆ ಕೂದಲೆಳೆ ಕಡಿಮೆಯಾದರೂ ಬಿಡುವುದಿಲ್ಲ. ನಮಗಿದು ಗೊತ್ತಿರಲಿಲ್ಲ. ಅವಳು ಕೊಟ್ಟು ಬರಲು ಹೋದಳು, ಹಿಂದೆ ಬರುವಾಗ ಗುಂಡು ಚೀಲದಲ್ಲೇ ಇತ್ತು.

"ತೂಕ ಕಮ್ಮಿ ಬಂತು. ಹಳೇ ಬಾಲ್ ಅಲ್ವಾ, ಸವೆದು ಹೋಗಿದೆ. ಇಟ್ಸ್ ಓಕೆ ಆಂಟಿ, ಇಲ್ಲಿಯ ಬಾಲ್ ತಗೊಳ್ತೇನೆ," ಅಂತ ಹೇಳಿ ಓಡಿದಳು.

ಇವರು ಜೆಬೆಲ್ ಅಲಿಯ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಸ್ಟೋರ್‌ಕೀಪರು. ಚೀಲ ಬಿಚ್ಚಿ ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ನೀಲಿ ಪೈಂಟ್ ಇತ್ತಲ್ಲ ವಾರಿಜಾ. ಅದೆಲ್ಲಿ ಹೋಯ್ತು?"

"ಸಿಂಕಿನಲ್ಲಿ," ಅಂದೆ.

ಅವರು ಗುಂಡನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಬೈದಿದ್ದರೆ ಒಳ್ಳೆಯದಿತ್ತು.

ಪ್ರತಿಯೊಬ್ಬರಿಗೂ ಆರು ಎಸೆತ. ಮೊದಲಿನದು ಫೌಲು. ಎರಡನೆಯದು ಹದಿನೈದೂ ಮುಕ್ಕಾಲು. ಹೊಸ ಗುಂಡು ಅವಳ ಅಂಗೈಗೆ ಕೂರುತ್ತಲೇ ಇರಲಿಲ್ಲ, ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇಲಿಯ ಹತ್ತಿರ ಹೋಗಿ ನಿಂತೆ. ಮೂರು, ನಾಲ್ಕು, ಐದು, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಮುಂದೆ ಹೋಯಿತು. ಆರನೆಯದಕ್ಕೆ ಬಗ್ಗಿದಳು. ಅವಳು ತಿರುಗಿದಳು, ಕೈ ಚಾಚಿದಳು, ಕೂಗಿದಳು. ಜೊತೆಗೆ ಇನ್ನೊಂದು ಕೂಗು ಕೇಳಿಸಿತು, ಅವಳದಕ್ಕಿಂತ ದೊಡ್ಡದು. ಯಾರದೆಂದು ನಾನೂ ಎಲ್ಲರ ಹಾಗೆ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಹದಿನಾರು ತೊಂಬತ್ತನಾಲ್ಕು. ಎರಡು ವರ್ಷದಲ್ಲಿ ಅವಳು ಎಸೆದ ಅತಿ ದೂರದ ಎಸೆತ. ಆರು ಸೆಂಟಿಮೀಟರ್ ಸಾಲಲಿಲ್ಲ. ನನ್ನ ಹೆಬ್ಬೆರಳು ಅಷ್ಟಿದೆ.

ವಾಪಸು ಬರುವಾಗ ಅವಳು ನಿದ್ದೆ ಮಾಡಿದಳು, ಅಥವಾ ನಿದ್ದೆಯ ಹಾಗೆ ಕಣ್ಣು ಮುಚ್ಚಿದಳು. ಇವರು ರೇಡಿಯೋ ಹಾಕಿದರು, ನಾನು ಬಂದ್ ಮಾಡಿದೆ.

ಅಕ್ಟೋಬರ್ 6, ಸೋಮವಾರ

ನಿನ್ನೆಯೂ ಊಟಕ್ಕೆ ಬರಲಿಲ್ಲ, ಇವತ್ತೂ ಇಲ್ಲ. ಬಂಗುಡೆ ಪುಳಿಮುಂಚಿ ಹಾಗೇ ಉಳಿದಿದೆ.

ಮಧ್ಯಾಹ್ನ ಕೆನಡಾದಿಂದ ಫೋನು. ಅವಳ ಅಪ್ಪ ರುಡೊಲ್ಫರು. ಇಷ್ಟು ವರ್ಷ ಆಚೆ ಇದ್ದರೂ ಶಿರ್ವದ ಕನ್ನಡ ಹಾಗೇ ಉಂಟು.

"ನನ್ನ ಮಗಳ ಗುಂಡಿಗೆ ಹೂವಿಟ್ಟವರು ನೀವೊಬ್ಬರೇ ಮಾರಾಯ್ರೆ," ಅಂದರು. ಗುಂಡಿನ ತೂಕದ ವಿಷಯ ಅವಳು ಹೇಳಿಲ್ಲ ಅಪ್ಪನಿಗೆ.

ಆಮೇಲೆ ವಿಷಯಕ್ಕೆ ಬಂದರು. ಹದಿನೆಂಟನೇ ತಾರೀಕಿಗೆ ಇಲ್ಲೇ ಅಲ್ ಐನ್ ಊರಿನಲ್ಲಿ ಇನ್ನೊಂದು ಕೂಟ ಉಂಟಂತೆ, ಈ ತಿಂಗಳ ಕೊನೆಯದು. ಅವಳು ಹೆಸರೇ ಕೊಟ್ಟಿಲ್ಲ. ಶಾಲೆಯ ಕೆಲಸ ಬಿಡುವ ಕಾಗದ ಬರೆದು ಇಟ್ಟಿದ್ದಾಳೆ. "ಅದೇ ಒಳ್ಳೇದು. ಎಷ್ಟು ವರ್ಷ ಅಂತ ಎಸೀತಾಳೆ? ಬಂದು ಒಂದು ಕಡೆ ನಿಲ್ಲಲಿ. ಈಗ ಅನುಮಾನ ಮಾಡ್ತಾ ಕೂತಿದ್ದಾಳೆ. ನೀವು ಒಂದು ಮಾತು ಹೇಳಿ ಮಾರಾಯ್ರೆ, ನಿಮ್ಮ ಮಾತು ಕೇಳ್ತಾಳೆ."

"ಹೇಳ್ತೇನೆ," ಅಂದೆ.

ಒಂದು ಲೆಕ್ಕದಲ್ಲಿ ಅವರು ಹೇಳುವುದು ಸರಿ. ಹೆತ್ತವರಿಗೆ ಮಗಳು ಹತ್ತಿರ ಇರಬೇಕು. ನನಗೂ ಅಡಿಗೆ ಕೆಲಸ ಹಗುರ. ಇಬ್ಬರಿಗೆ ಎಷ್ಟು ಅಕ್ಕಿ ಹಾಕಬೇಕೆಂದೇ ಮರೆತುಹೋಗಿದೆ, ಇವತ್ತೂ ಮೂವರಿಗೆ ಹಾಕಿಟ್ಟೆ.

ಅಕ್ಟೋಬರ್ 7, ಮಂಗಳವಾರ

ಮಂಗಳವಾರದ ಉಪವಾಸ. ಅವಳು ಶಾಲೆಗೆ ರಜೆ ಹಾಕಿದ್ದು ಗೊತ್ತಾಗಿ ಹತ್ತು ಗಂಟೆಗೆ ಹೋಗಿ ಬಾಗಿಲು ತಟ್ಟಿದೆ. ಹಾಸಿಗೆಯ ಮೇಲೆ ದೊಡ್ಡ ಸೂಟ್‌ಕೇಸು ಬಾಯಿ ತೆರೆದು ಮಲಗಿತ್ತು. ಒಳಗೆ ಒಂದು ಜೊತೆ ಬೂಟು ಮಾತ್ರ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಗುಂಡು ಸವೆದದ್ದಲ್ಲ. ನಾನು ಉಜ್ಜಿದ್ದು," ಅಂದೆ.

"ಐ ನೋ, ಆಂಟಿ."

"ಯಾವಾಗಿಂದ ಗೊತ್ತು?"

"ಪೂಜೆಯ ದಿನವೇ. ಶೈನ್ ನೋಡಿದಾಗಲೇ ಗೊತ್ತಾಯ್ತು. ತೂಕ ಡೌಟ್ ಇತ್ತು."

"ಮತ್ತೆ ಅಲ್ಲಿಗೆ ಯಾಕೆ ತಂದಿ? ಬೇರೆ ಗುಂಡಿನಲ್ಲಿ ಎರಡು ದಿನ ಪ್ರ್ಯಾಕ್ಟೀಸ್ ಮಾಡಬಹುದಿತ್ತಲ್ಲ, ಬುದ್ಧಿ ಇಲ್ಲದವಳೇ!"

ಅವಳು ಉಗುರು ನೋಡುತ್ತಾ ಕೂತಳು. "ಬಿಟ್ಟು ಹೋದ್ರೆ ನೀವು ಯಾಕೆ ಅಂತ ಕೇಳ್ತೀರಿ. ಆ ಹೂ ಎಲ್ಲ ಇಟ್ಟಿದ್ರಿ." ಸೂಟ್‌ಕೇಸಿನ ಬೂಟು ಎತ್ತಿ ಮತ್ತೆ ಅಲ್ಲೇ ಇಟ್ಟು ಹೇಳಿದಳು, "ಬಾಲ್ ಅಲ್ಲ ಆಂಟಿ. ಒಳ್ಳೆ ಬಾಲ್ ಇದ್ದಾಗಲೂ ಟೂ ಇಯರ್ಸ್‌ನಿಂದ ಅಷ್ಟೇ. ನಿಮ್ಮ ತಪ್ಪಿಲ್ಲ. ನನ್ನ ಕೈಯಲ್ಲಿ ಮುಗಿದಿದೆ. ಖಲಾಸ್."

ನನಗೆ ಸಿಟ್ಟು ಬಂತು. ಸಮಾಧಾನ ಮಾಡಲು ಹೋದವಳಿಗೆ ಇವಳೇ ಸಮಾಧಾನ ಹೇಳುವುದೆಂದರೇನು?

"ನೋಡು ಮರಿಯಾ. ಹೊಸ ಗುಂಡು, ಕೈಗೆ ಕೂರದ ಗುಂಡು, ಹಿಡಿದು ಒಂದು ಗಂಟೆ ಆಗಿರಲಿಲ್ಲ. ಹೊಟ್ಟೆಗೆ ಹತ್ತು ದಿನ ಕಡ್ಲೆ. ಅದರಲ್ಲಿ ತೊಂಬತ್ತನಾಲ್ಕು ಎಸೆದಿ. ಎರಡು ವರ್ಷದಲ್ಲಿ ಅಷ್ಟು ದೂರ ಎಸೆದೇ ಇಲ್ಲ ನೀನು, ಟೇಪು ಹಿಡಿದವಳು ನಾನು, ನನಗೆ ಗೊತ್ತಿಲ್ವಾ? ತಪ್ಪು ನನ್ನದೇ. ನನ್ನದು ಅಂತ ನೀನು ಒಪ್ಪಿದರೆ ನಿನ್ನ ಕೈಗೆ ಏನೂ ಆಗಿಲ್ಲ ಅಂತ ಆಯ್ತು, ಅಲ್ ಐನಿಗೆ ಹೋಗಿ ಎಸೆ. ಇಲ್ಲ, ತಪ್ಪು ನಿನ್ನ ಕೈಯದು ಅಂತ ಹೇಳ್ತಿಯಾದರೆ ಆ ಸೂಟ್‌ಕೇಸು ತುಂಬಿಸು. ಎರಡರಲ್ಲಿ ಒಂದು ಹೇಳು. ನನ್ನ ತಪ್ಪನ್ನು ಸುಮ್ಮನೆ ನೀನು ತಗೊಂಡು ವಿಮಾನ ಹತ್ತಬೇಡ. ಅದು ನನ್ನದು."

ಅವಳು ನನ್ನನ್ನೇ ನೋಡಿದಳು. ನಗುವುದಾ ಅಳುವುದಾ ಅಂತ ತೀರ್ಮಾನವಾಗದ ಮುಖ.

"ಪಪ್ಪ ನಿಮಗೆ ಫೋನ್ ಮಾಡಿದ್ರಲ್ಲ. ಅವರು ಹೇಳಿದ್ದು ಇದಾ?"

"ಅವರು ಹೇಳಿದ್ದನ್ನೂ ಹೇಳ್ತೇನೆ. ಬಾ ಅಂತ ಹೇಳಿದ್ದಾರೆ. ಹೇಳಿ ಆಯ್ತು."

ಈಗ ನಕ್ಕಳು, ಕಣ್ಣೀರು ಒರೆಸಿಕೊಳ್ಳುತ್ತಲೇ. ಅಲ್ ಐನಿಗೆ ಹೆಸರು ಕೊಡಲು ಇವತ್ತು ಸಂಜೆಯೇ ಕೊನೆಯಂತೆ. "ಸಂಜೆವರೆಗೆ ಟೈಮ್ ಕೊಡಿ, ಆಂಟಿ."

"ತಗೋ. ನಾನು ಮತ್ತೆ ಬಂದು ಬಾಗಿಲು ತಟ್ಟುವುದಿಲ್ಲ," ಅಂತ ಹೇಳಿ ಬಂದೆ.

ಬಂದ ಮೇಲೆ ದೇವಿಯ ಎದುರು ಕೂತು ಹೇಳಿದೆ, ಹೋದ ಸಲ ಮೀಟರ್ ಕೇಳಿದ್ದು ನನ್ನ ದುರಾಸೆ. ಈ ಸಲ ಅವಳು ಎಸೆಯಲಿ ಅಂತ ಮಾತ್ರ ಕೇಳುತ್ತೇನೆ. ಎಷ್ಟು ದೂರ ಅನ್ನುವುದನ್ನು ಅವಳೇ ನೋಡಿಕೊಳ್ಳುತ್ತಾಳೆ.

ಆಗಲೇ ಐದೂವರೆ. ಎದುರು ಮನೆಯಲ್ಲಿ ಒಂದು ಶಬ್ದವೂ ಇಲ್ಲ. ನಮ್ಮ ಬಾಗಿಲಿನ ಕಣ್ಣಿನಲ್ಲಿ ನಾಲ್ಕೈದು ಸಲ ನೋಡಿದೆ, ಕಾರಿಡಾರು ಖಾಲಿ. ಮಾತು ಕೊಟ್ಟದ್ದರಿಂದ ನಾನು ಹೋಗುವ ಹಾಗಿಲ್ಲ. ಹಾಗಾಗಿ ಇವರಿಗೆ ಫೋನಿನಲ್ಲಿ ಬರೆದು ಕಳಿಸಿದೆ, ಇಲ್ಲಿಯೂ ಬರೆದಿಡುತ್ತೇನೆ:

ಕೆಲಸ ಬಿಟ್ಟು ಬರುವಾಗ ಮೊದಲು ನಮ್ಮ ಮನೆಗೆ ಬರಬೇಡಿ. ಎದುರಿನ ಬಾಗಿಲು ತಟ್ಟಿ ಅವಳ ಉತ್ತರ ತಗೊಂಡು ಬನ್ನಿ. ಅಲ್ ಐನ್ ಅಂತ ಹೇಳಿದರೆ ಅಲ್ಲಿಂದಲೇ ಜೋರಾಗಿ ಕೂಗಿ ಹೇಳಿ. ಕೆನಡಾ ಅಂತ ಹೇಳಿದರೆ ಊಟ ಮುಗಿಸಿ, ಕೈ ತೊಳೆದು, ಆಮೇಲೆ ನಿಧಾನಕ್ಕೆ ಹೇಳಿ.